ಹುಲಿಗೊಂದು ಬಾಗಿಲು

ಮಗಳು ಚಮಚದ ಹಿಡಿಯಿಂದ ಫೋಟೋ ಫ್ರೇಮಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದಳು. ಹೊರಗೆ ಬಾಡಿಗೆ ಕುರ್ಚಿಗಳ ಮೇಲೆ ಜನ ಕೂತಿದ್ದರು. ನಡುಮನೆಯಲ್ಲಿ ತಾಯಿಯನ್ನು ಮಲಗಿಸಿದ್ದರು. ಅಡುಗೆಮನೆಯಲ್ಲಿ, ಮಗಳ ಎದುರಿಗೆ, ಸೋದರಮಾವ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

"ಬೆಳಗಿನ ಜಾವ ಎದ್ದು ಮಾಡಿದ್ದು ಕಣೇ ಅದನ್ನ. ಗಾಜು ಒಡೀತೀಯ."

"ಒಡೀಲಿ."

"ನಿಮ್ಮಮ್ಮ ಎಷ್ಟು ಚೆನ್ನಾಗಿ ಬಂದಿದ್ದಾಳೆ ನೋಡು."

"ಅಮ್ಮ ಚೆನ್ನಾಗೇ ಬಂದಿದ್ದಾಳೆ ಮಾವ. ಹಿಂದೆ ನಿಂತಿರೋರು ಯಾರು?"

ಹಿಂದೆ ನಿಂತಿದ್ದದ್ದು ಹುಲಿ. ಮಾವನದು ಫೋಟೋ ಸ್ಟುಡಿಯೋ. ಬೋಳು ಮದುವೆಗಂಡುಗಳ ತಲೆ ಮೇಲೆ ಕೂದಲು ಹುಟ್ಟಿಸುವುದು, ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರನ್ನು ಒಂದೇ ಸೋಫಾದಲ್ಲಿ ಕೂರಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಅಕ್ಕನ ಕೆಲಸದ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿ, ಹಸಿರು ಕಾಡಿನ ಮುಂದೆ ನಿಲ್ಲಿಸಿ, ಭುಜದ ಹಿಂದೆ ಒಂದು ಹುಲಿಯನ್ನು ತಂದಿಟ್ಟಿದ್ದ. ಹುಲಿಗೆ "ಸ್ವಲ್ಪ ನಗಿ" ಅಂದಿದ್ದನೋ ಏನೋ, ಅದೂ ನಗುತ್ತಿತ್ತು.

"ಜೀವಮಾನವಿಡೀ ಅದೊಂದೇ ಆಸೆ ಅವಳಿಗೆ," ಅಂದ ಮಾವ. "ಕಾಡಲ್ಲಿ ಒಂದು ಸಲ ಹುಲಿ ನೋಡಬೇಕು ಅಂತ. ಪಾಪ, ನೋಡಲೇ ಇಲ್ಲ. ಫೋಟೋದಲ್ಲಾದ್ರೂ ಜೊತೆಗಿರಲಿ ಅಂತ ಮಾಡಿದೆ. ಅದು ತಪ್ಪಾ?"

"ಸುಳ್ಳು ಮಾವ ಅದು."

"ಸಾವಿನ ಮನೇಲಿ ಯಾವ ಸುಳ್ಳೇ? ಹೊರಗೆ ಎಲ್ಲರೂ 'ಎಂಥಾ ಶಾಂತ ಸ್ವಭಾವ' ಅಂತಿದ್ದಾರೆ. ಅದಕ್ಕಿಂತ ದೊಡ್ಡ ಸುಳ್ಳಾ ಇದು?"

ಮಗಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕತ್ತರಿ ತೆಗೆದುಕೊಂಡಳು. ಹುಲಿಯನ್ನು ಕತ್ತರಿಸಿ ತೆಗೆಯುವಾಗ ತಾಯಿಯ ಒಂದು ಭುಜವೂ ಅದರ ಜೊತೆ ಹೋಯಿತು. ಇರಲಿ ಎಂದುಕೊಂಡು ಮೊಳೆಗಳನ್ನು ಮತ್ತೆ ಬಡಿದಳು.

* * *

ತಾಯಿಗೆ ಮದುವೆಯಾದ ಹೊಸತು. ಗಂಡ ಲಾರಿ ಓಡಿಸುತ್ತಿದ್ದ, ಒಮ್ಮೆ ಹೆಂಡತಿಯನ್ನೂ ಹತ್ತಿಸಿಕೊಂಡು ಹೊರಟ. ಕಾಡಿನ ನಡುವಿನ ರಸ್ತೆಯಲ್ಲಿ ಇಂಜಿನ್ ಕಾಯಿತು. ಕೊಡ ಹಿಡಿದು ತೊರೆಗೆ ಇಳಿದವಳು ಅಲ್ಲೇ ನಿಂತುಬಿಟ್ಟಳು. ಒದ್ದೆ ಮಣ್ಣಿನಲ್ಲಿ ಅವಳ ಅಂಗೈಗಿಂತ ಅಗಲದ ಒಂದು ಹೆಜ್ಜೆ, ಅದರೊಳಗೆ ನೀರು ಇನ್ನೂ ಒಸರುತ್ತಿತ್ತು.

"ಈಗಷ್ಟೇ ಹೋಗಿದೆ ಕಣೇ! ಹತ್ತು, ಹತ್ತು!" ಗಂಡ ಮೇಲಿನಿಂದ ಕೂಗಿದ. ಕೂಗಿದ್ದು ಲಾರಿಯ ಒಳಗೆ ಕೂತು, ಬಾಗಿಲು ಹಾಕಿಕೊಂಡು.

ಅವಳು ಕೊಡ ತುಂಬಿಕೊಂಡೇ ಬಂದಳು. "ಅದು ನನ್ನ ನೋಡಿದೆ ಕಣ್ರೀ," ಅಂದಳು. "ಅದರ ಸರದಿ ಆಯ್ತು. ಇನ್ನು ನನ್ನ ಸರದಿ ಬಾಕಿ."

ಗಂಡ ಬಹಳ ವರ್ಷ ಬದುಕಲಿಲ್ಲ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಲಸ ಹುಡುಕಿದವಳಿಗೆ ಸಿಕ್ಕಿದ್ದು ಝೂನಲ್ಲಿ, ಪ್ರಾಣಿಗಳ ಅಡುಗೆಕೋಣೆಯಲ್ಲಿ. ಕೋತಿಗೆ ಹಣ್ಣು ಹೆಚ್ಚುವುದು, ಕರಡಿಗೆ ಗಂಜಿ ಕಾಯಿಸುವುದು, ಹುಲಿಗೆ ಮಾಂಸ ತೂಗಿ ತೊಟ್ಟಿಗೆ ತುಂಬುವುದು. ಮೊದಲ ದಿನವೇ, ಮಾಂಸ ಕಡಿಯುವ ಕತ್ತಿಯಣ್ಣ ಕರೆದ: "ಬಾರಮ್ಮ, ನೀನು ಉಣಬಡಿಸೋ ಯಜಮಾನರನ್ನ ತೋರಿಸ್ತೀನಿ."

"ಬೇಡ ಅಣ್ಣ."

"ಹೆದರಿಕೆನಾ?"

"ನಾಚಿಕೆ."

ಅವತ್ತು ಬೇಡ ಅಂದವಳು ನಿವೃತ್ತಿಯಾಗುವವರೆಗೂ ಬೇಡ ಅಂದಳು. ಊರಿನ ಜನ ಟಿಕೆಟ್ ತಗೊಂಡು ಸಾಲು ನಿಂತು ನೋಡುವ ಹುಲಿ ಅವಳ ಒಲೆಯಿಂದ ಕೂಗಳತೆಯಲ್ಲಿತ್ತು. ಖಾಲಿ ತೊಟ್ಟಿ ವಾಪಸು ಬಂದರೆ "ಚೆನ್ನಾಗಿ ತಿಂದಿದೆ" ಅನ್ನುವಳು, ಮಾಂಸ ಮಿಕ್ಕಿದ್ದರೆ ಅವತ್ತು ಅವಳಿಗೂ ಊಟ ಸೇರದು. ನೋಡಲು ಮಾತ್ರ ಹೋಗಲಿಲ್ಲ. ಅಡುಗೆಕೋಣೆಯವರು ಅವಳಿಗೆ 'ಹುಲಿಯಕ್ಕ' ಎಂದು ಹೆಸರಿಟ್ಟು ನಕ್ಕರು, ಅವಳೂ ನಕ್ಕಳು.

ರಜೆ ಸಿಕ್ಕಾಗಲೆಲ್ಲ ಮಗಳನ್ನು ಎಳೆದುಕೊಂಡು ಕಾಡಿಗೆ ಹೋಗುವಳು. ಜಿಂಕೆ ಕಂಡಿತು, ನವಿಲಿನ ಹಿಂಭಾಗ ಕಂಡಿತು, ಒಮ್ಮೆ ಆನೆಯ ಲದ್ದಿ ಹೊಗೆಯಾಡುತ್ತಿತ್ತು. ಒಂದು ಸಲ ಜೀಪಿನಲ್ಲಿದ್ದವರೆಲ್ಲ "ಅಗೋ, ಅಗೋ!" ಎಂದು ಎದ್ದು ನಿಂತರು. ಇವಳು ಆ ಹೊತ್ತಿಗೆ ಆಚೆ ಬದಿಯಲ್ಲಿ ವಾಂತಿ ಮಾಡುತ್ತಿದ್ದ ಮಗಳ ಬೆನ್ನು ನೀವುತ್ತಿದ್ದಳು. ತಿರುಗಿದಾಗ ಪೊದೆ ಅಲ್ಲಾಡುತ್ತಿತ್ತು.

"ನೋಡಿದೆ ಅಂತ ಹೇಳಿಬಿಡಿ ಅಮ್ಮ, ಯಾರಿಗೆ ಗೊತ್ತಾಗುತ್ತೆ?" ಅಂದ ಜೀಪಿನವನು.

"ನನಗೆ ಗೊತ್ತಾಗುತ್ತಲ್ಲಪ್ಪ. ನಾನು ನೋಡಿದ್ದು ಪೊದೆ."

* * *

ಝೂನ ವ್ಯಾನು ಬಂದು ನಿಂತಿತು. ಪ್ರಾಣಿಗಳನ್ನು ಸಾಗಿಸುವ ವ್ಯಾನು. ಚೆನ್ನಾಗಿ ತೊಳೆದು, ಕಿಟಕಿಯ ಸರಳುಗಳಿಗೆ ಹೂ ಸುತ್ತಿದ್ದರು. ಹಿಂದಿನ ಕಾರಿನಿಂದ ಇಳಿದ ಮ್ಯಾನೇಜರು ಒಳ್ಳೆಯ ಮನುಷ್ಯ. ಸತ್ತವಳ ಕಾಲ ಬಳಿ ನಿಜವಾಗಿಯೂ ಕಣ್ಣೊರೆಸಿಕೊಂಡರು. ಆಮೇಲೆ ಮಗಳ ಹತ್ತಿರ ಬಂದರು.

"ಒಂದು ವ್ಯವಸ್ಥೆ ಮಾಡಿದೀನಮ್ಮ. ಸ್ಮಶಾನಕ್ಕೆ ಹೋಗೋ ದಾರೀಲಿ ವ್ಯಾನನ್ನ ಒಳಗೆ ತಗೊಂಡು, ಹುಲಿ ಬೋನಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸ್ತೀವಿ. ಇಷ್ಟು ವರ್ಷ ಉಣ್ಣಿಸಿದ ಕೈ. ನಮ್ಮ ಕಡೆಯಿಂದ ಕೊನೇ ಮರ್ಯಾದೆ."

"ಬೇಡ ಸರ್."

"ಯಾಕಮ್ಮ?"

"ಅಮ್ಮ ನೋಡಲ್ಲ ಅಂತ ಹೇಳಿದ್ದಳು."

ಕುರ್ಚಿಗಳ ಕಡೆಯಿಂದ ಪಕ್ಕದ ಮನೆಯ ಟೈಲರು ದನಿ ಸೇರಿಸಿದರು. "ಅಯ್ಯೋ ಬಿಡೇ, ಈಗ ಅವಳೇನು ನೋಡ್ತಾಳೆ, ಕಣ್ಣು ಮುಚ್ಚಿದಾಳಲ್ಲ!"

"ಅದಕ್ಕೇ ಬೇಡ ಅನ್ನೋದು ಅಂಕಲ್. ಕಣ್ಣು ಬಿಟ್ಟಿದ್ದಿದ್ರೆ ಅವಳೇ ಎದ್ದು ಬಯ್ತಿದ್ದಳು. ನನ್ನನ್ನ ಯಾಕೆ ನಡುವೆ ಹಾಕ್ತಿದ್ದಳು?"

ಮಗಳು ಸಿಟಿ ಬಸ್ಸಿನ ಕಂಡಕ್ಟರ್. ದನಿ ಎತ್ತಿದರೆ ಕೊನೆಯ ಸೀಟಿನವರಿಗೂ ಕೇಳಬೇಕು, ಕೇಳಿತು. ಗೇಟಿನ ಹತ್ತಿರ ನಿಂತಿದ್ದ ಕತ್ತಿಯಣ್ಣನ ಕಡೆ ಅವಳು ತಿರುಗಿದಳು. "ಅಣ್ಣ, ನೀವಾದ್ರೂ ಹೇಳಿ. ನಿಮಗೆ ಗೊತ್ತು."

ಕತ್ತಿಯಣ್ಣ ಮ್ಯಾನೇಜರನ್ನು ನೋಡಿದ, ನೆಲ ನೋಡಿದ. "ನಾನೇನು ಹೇಳ್ಲಿ ತಾಯಿ. ಹೊಟ್ಟೆಪಾಡಿನ ಮನುಷ್ಯ."

ಮಾವ ನಡುವೆ ಬಂದು ಮಗಳ ಹೆಗಲು ಹಿಡಿದ. "ಆಯ್ತು ಕಣಮ್ಮ, ನೀನು ಹೇಳಿದ ಹಾಗೇ ಆಗಲಿ. ನೇರ ಸ್ಮಶಾನಕ್ಕೇ ಹೋಗೋಣ." ಅವಳು ಒಳಗೆ ಹೋದದ್ದೇ ತಡ, ಮ್ಯಾನೇಜರ ಕಿವಿಯ ಹತ್ತಿರ ಬಾಗಿದ. "ಚಿಕ್ಕ ಹುಡುಗಿ ಸರ್, ಹಟ. ನೀವು ಒಳಗೆ ತಗೊಳ್ಳಿ. ನಾನು ಅಕ್ಕನ ಸ್ವಂತ ತಮ್ಮ, ನಾನು ಹೇಳ್ತಿದೀನಿ. ನಮ್ಮಕ್ಕ ಆಸೆ ಇಟ್ಕೊಂಡೇ ಹೋಗಬಾರದು."

ಅದನ್ನು ಕತ್ತಿಯಣ್ಣ ಕೇಳಿಸಿಕೊಂಡ. ಸ್ವಲ್ಪ ಹೊತ್ತಿಗೆ ಅವನ ಸ್ಕೂಟರ್ ಹೊರಟ ಸದ್ದು ಬಂತು. ಹೆಣ ಎತ್ತುವ ಮೊದಲೇ ಹೋದನಲ್ಲ ಎಂದು ಮಗಳಿಗೆ ಸಿಟ್ಟು ಬಂತು.

* * *

ಆಸ್ಪತ್ರೆಯಲ್ಲಿ ಕೊನೆಯ ವಾರ ತಾಯಿ ಮಾತು ಕಡಿಮೆ ಮಾಡಿದ್ದಳು. ಕತ್ತಿಯಣ್ಣ ನೋಡಲು ಬಂದರೆ ಮಾತ್ರ ಒಂದು ಪ್ರಶ್ನೆ: "ಇವತ್ತು ತಿಂತಾ?"

"ತಿಂತು ಅಕ್ಕ. ಮೂಳೆ ಸಮೇತ."

ಅವನು ಹೋದ ಮೇಲೆ ಮಗಳಿಗೆ ತಡೆಯಲಾಗಲಿಲ್ಲ. "ಅಷ್ಟು ಜೀವ ಅಂದ್ರೆ ಜೀವ ಅದರ ಮೇಲೆ. ಗಾಲಿಕುರ್ಚಿ ತರಿಸ್ತೀನಿ, ಒಂದು ಸಲ ನೋಡಿ ಬಂದುಬಿಡಮ್ಮ. ಕಾಡಿಗೆ ಹೋಗೋಕೆ ಇನ್ನು..."

"ಇನ್ನು ಆಗಲ್ಲ, ಗೊತ್ತು," ಅಂದಳು ತಾಯಿ. "ಆಗಲ್ಲ ಅಂತ ಸಿಕ್ಕಿದ್ದನ್ನ ನೋಡಿ ಸಮಾಧಾನ ಮಾಡ್ಕೊಳ್ಳೋಕೆ ನಾನೇನು ಸಂತೆಗೆ ಬಂದಿದ್ದೆನಾ?" ಉಸಿರು ತೆಗೆದುಕೊಂಡಳು. "ಕಾಡಲ್ಲಾದ್ರೆ ಅದು ಬೇಕು ಅಂದ್ರೆ ಕಾಣುತ್ತೆ, ಬೇಡ ಅಂದ್ರೆ ಹೋಗುತ್ತೆ. ಇಲ್ಲಿ ಪಾಪದ್ದಕ್ಕೆ ಬಾಗಿಲು ಹಾಕ್ಕೊಳ್ಳೋಕೂ ಆಗಲ್ಲ ಕಣೇ. ತಿಂದ್ರೂ ಜನ, ಮಲಗಿದ್ರೂ ಜನ. ನಾನೊಬ್ಬಳಾದ್ರೂ ನೋಡದೆ ಇರ್ತೀನಿ, ಬಿಡು."

ಪಕ್ಕದ ಮಂಚದ ಅಜ್ಜಿ "ಯಾರ ಬಗ್ಗೆ ಮಾತಾಡ್ತಿದೀರಿ, ಅಳಿಯನಾ?" ಎಂದು ಕೇಳಿದರು. ತಾಯಿ ಕೆಮ್ಮು ಬರುವ ತನಕ ನಕ್ಕಳು.

* * *

ವ್ಯಾನು ಝೂನ ಗೋಡೆಯ ಪಕ್ಕ ಹೋಗುತ್ತಿತ್ತು. ತಾಯಿಯ ತಲೆಯ ಬಳಿ ಮಗಳು ಕೂತಿದ್ದಳು, ಎದುರಿಗೆ ಮಾವ. ನೇರ ಹೋಗಬೇಕಾದ ವ್ಯಾನು ಎಡಕ್ಕೆ ಹೊರಳಿತು. ಸರಳುಗಳಾಚೆ ಟಿಕೆಟ್ ಕೌಂಟರ್ ಕಂಡದ್ದೇ ಅವಳಿಗೆ ಅರ್ಥವಾಯಿತು.

"ಮಾವ!"

ಮಾವ ಮುಖ ತಿರುಗಿಸಿಕೊಂಡ.

"ಹೋಲ್ಡಾನ್!" ಅವಳು ತಗಡಿಗೆ ಗುದ್ದಿದಳು. "ಹೋಲ್ಡಾನ್, ಹೋಲ್ಡಾನ್!"

ಅವಳ ಆ ಒಂದು ಕೂಗಿಗೆ ಊರಿನ ಎಂಥ ಬಸ್ಸೂ ನಿಲ್ಲುತ್ತದೆ. ಈ ವ್ಯಾನು ನಿಲ್ಲಲಿಲ್ಲ. ಇದರಲ್ಲಿ ಒಳಗಿನಿಂದ ಗುದ್ದುವವರು ಸಾಮಾನ್ಯವಾಗಿ ಕರಡಿಗಳು. ಒಳಗೆ ಎಷ್ಟು ಗುದ್ದಿದರೂ ನಿಲ್ಲಿಸದಿರುವುದು ಡ್ರೈವರನ ಹಳೆಯ ಅಭ್ಯಾಸ.

"ಅವಳ ಆಸೆ ಕಣೇ," ಮಾವ ಅಳುತ್ತಿದ್ದ. "ನಿನಗೆ ಕೈ ಮುಗೀತೀನಿ."

"ಅವಳ ಆಸೆ ಕಾಡಿನದು! ಇದು ನಿನ್ನ ಆಸೆ!" ಕೂಗಿದವಳ ದನಿ ಒಡೆಯಿತು. ಶಾಲು ತೆಗೆದು ಸರಳುಗಳಿಗೆ ಅಡ್ಡ ಹಿಡಿದಳು. ಕಿಟಕಿ ಉದ್ದ, ಶಾಲು ಗಿಡ್ಡ. ಈ ಕಡೆ ಮುಚ್ಚಿದರೆ ಆ ಕಡೆ ತೆರೆಯಿತು. ಜೀವಮಾನವಿಡೀ ತಾಯಿ ಕಾಪಾಡಿಕೊಂಡ ಒಂದೇ ಒಂದು ಮಾತು, ಕೊನೆಗೆ ತನ್ನ ಕೈಯಲ್ಲಿ ಉಳಿಯಲಿಲ್ಲ ಎಂದು ಅವಳಿಗೆ ಸಂಕಟವಾಯಿತು.

ವ್ಯಾನು ನಿಂತಿತು. ಅವಳು ಶಾಲು ಸರಿಸಿ ನೋಡಿದಳು. ಹುಲಿ ಕಾಣಲಿಲ್ಲ.

ಬೋನಿನ ಉದ್ದಕ್ಕೂ ನೀಲಿ ಟಾರ್ಪಾಲು ಎದ್ದು ನಿಂತಿತ್ತು, ಅಡುಗೆಕೋಣೆಯಲ್ಲಿ ಮಾಂಸ ಹರಡುವ ಟಾರ್ಪಾಲು. ಅಡುಗೆಕೋಣೆಯವರೆಲ್ಲ ಏಪ್ರನ್ನುಗಳಲ್ಲೇ ಸಾಲಾಗಿ ನಿಂತು, ಬೋನಿಗೆ ಬೆನ್ನು ಹಾಕಿ, ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದರು. ನಡುವೆ ಕತ್ತಿಯಣ್ಣ ಏದುಸಿರು ಬಿಡುತ್ತಿದ್ದ.

ಮ್ಯಾನೇಜರು ಕಾರಿನಿಂದ ಓಡಿ ಬಂದರು. "ಏನ್ರೀ ಇದು? ಇಳಿಸ್ರೀ ಅದನ್ನ!"

"ಊಟ ಮಾಡ್ತಿದೆ ಸರ್," ಅಂದ ಕತ್ತಿಯಣ್ಣ.

"ಮಾಡಿದ್ರೆ?"

"ಊಟ ಮಾಡೋವಾಗ ಬಾಗಿಲು ಹಾಕ್ತೀವಿ ಸರ್ ಇವತ್ತು. ಹುಲಿಯಕ್ಕ ಹೋಗೋವರೆಗೂ. ನಾಳೆ ನನ್ನ ಏನು ಬೇಕಾದ್ರೂ ಕೇಳಿ."

ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಜಾರಿತು. ಹಿಡಿದಿದ್ದ ಹೆಂಗಸು ಕುಳ್ಳಿ, ಎಷ್ಟು ತುದಿಗಾಲಲ್ಲಿ ನಿಂತರೂ ಎಟುಕದು. ಮಾವ ವ್ಯಾನಿನ ಬಾಗಿಲು ತೆರೆದು ಧಡಕ್ಕನೆ ಇಳಿದ. ಜಗಳಕ್ಕೇ ಹೊರಟ ಎಂದುಕೊಂಡಳು ಮಗಳು. ಅವನು ಸೀದಾ ಹೋಗಿ, ಜಾರಿದ ಮೂಲೆಯನ್ನು ಹಿಡಿದು, ಎತ್ತಿ, ಬೋನಿಗೆ ಬೆನ್ನು ಹಾಕಿ ನಿಂತ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ನೀವು ನಡೀರಿ," ಎಂದ. "ನಾನು ಹಿಂದಿನಿಂದ ಬರ್ತೀನಿ."

ಮಗಳು ಕೆಳಗಿಳಿದಳು. ಟಾರ್ಪಾಲಿನ ಆಚೆ, ಯಾರೂ ನೋಡದ ಕಡೆ, ಮೂಳೆ ಮುರಿಯುವ ಸದ್ದು ನಿಧಾನವಾಗಿ ಬರುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ, ತಾಯಿ ಮಲಗಿದ್ದ ವ್ಯಾನಿನ ತಗಡಿಗೆ, ಈ ಸಲ ಹೊರಗಿನಿಂದ, ಅಂಗೈಯಲ್ಲಿ ಎರಡು ಸಲ ಬಡಿದಳು.

"ರೈಟ್, ರೈಟ್!"