ಚೋಮಿಗೆ ನಾನು ಕೊಟ್ಟ ವಯಸ್ಸು

ಪಾಲಿಬೆಟ್ಟದ ಆಚೆ ನಮ್ಮ ಕಾಫಿ ಎಸ್ಟೇಟಿನ ಆಸ್ಪತ್ರೆಗೆ ನಾನೇ ಕಂಪೌಂಡರ್, ನಾನೇ ಡಾಕ್ಟರ್, ಜ್ವರ ಬಂದವರಿಗೆ ನಾನೇ ದೇವರು. ಹೆಸರು ಪದ್ಮಯ್ಯ. ನನ್ನ ಕೆಮ್ಮಿನ ಔಷಧಿ ಕುಡಿದ ಕಾಡಾನೆಯೊಂದು ಮೂರು ಬೆಟ್ಟ ದಾಟಿ ಓಡಿದ್ದುಂಟು. ಅದರ ಕೆಮ್ಮು ಇಲ್ಲೇ ಉಳಿಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಆಳುಗಳ ಹಾಜರಿಯ ಮಸ್ಟರ್ ಪುಸ್ತಕದಲ್ಲಿ ಪ್ರತಿ ಆಳಿನ ವಯಸ್ಸು ಬರೆಯಬೇಕೆಂದು ಎಸ್ಟೇಟಿನ ದೊರೆ ಹೇಳಿದರು. ಅರವತ್ತು ದಾಟಿದವರ ಹೆಸರು ಹೊಡೆದುಹಾಕಬೇಕು. ಹೆಸರು ಹೋದರೆ ಕೂಲಿ ಇಲ್ಲ, ನನ್ನ ಔಷಧಿಯೂ ಇಲ್ಲ. ಕೂಲಿ ಲೈನಿನ ಮನೆಗಳ ಜನಕ್ಕೆ ಹುಟ್ಟಿದ ವರ್ಷ ಎಲ್ಲಿ ಗೊತ್ತು? ಬಾಯಿ ತೆರೆಸಿ, ಹಲ್ಲು ನೋಡಿ, ವಯಸ್ಸು ಬರೆಯುವ ಕೆಲಸ ನನಗೆ ಬಿತ್ತು.

ಚೋಮಿಯ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಆದರೆ ಒಂದು ಬಾಟಲಿ ಜೇನು ತಂದಿದ್ದಳು. ನಲವತ್ತೆಂಟು ಎಂದು ಬರೆದೆ. ಪೆನ್ನಿನ ಒಂದೇ ಎಳೆತಕ್ಕೆ ಇಪ್ಪತ್ತು ವರ್ಷ ಮಾಯ! ಲಂಡನ್ನಿನ ಡಾಕ್ಟರಿಗೂ ಬಾರದ ಚಿಕಿತ್ಸೆ. ಬೀರ ಬರಿಗೈಯಲ್ಲಿ ಬಂದ. ಅವನಿಗೆ ಅರವತ್ತಾರು ಕೊಟ್ಟೆ. ಮರುದಿನವೇ ಅವನ ಹೆಸರು ಹೋಯಿತು.

ಮುಂದಿನ ಕೊಯ್ಲಿನ ಹೊತ್ತಿಗೆ ಚೋಮಿಯ ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು. ಆದರೂ ಪಿಕ್ಕಿಂಗ್ ಬಿಡಲಿಲ್ಲ. ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಹಣ್ಣು, ಗಟ್ಟಿಯಿದ್ದರೆ ಕಾಯಿ ಎಂದು ತಿಳಿದು ಕೊಯ್ಯುತ್ತಿದ್ದಳು. ಗೋಣಿಕೊಪ್ಪಲಿನ ಶಾಲೆಯಲ್ಲಿ ಕಣ್ಣಿನ ಶಿಬಿರವಿದೆ ಎಂದು ಕೇಳಿ ಬಂದು ನನ್ನ ಕಾಲು ಹಿಡಿದಳು.

“ಅಯ್ಯಾ, ಬುಟ್ಟಿಗೆ ಕಾಯಿ ಬೀಳ್ತಾ ಉಂಟು. ರೈಟರು ಕಂಡ್ರೆ ಬಿಡೂದಿಲ್ಲ. ನಂಗೆ ಕಣ್ಣು ಮಾಡ್ಸಿಕೊಡಿ.”

“ನಾನಿರುವಾಗ ಎಂತ ಹೆದ್ರಿಕೆ? ಆ ಡಾಕ್ಟ್ರು ನನ್ನ ಕಂಡ್ರೆ ಎದ್ದು ನಿಲ್ತಾರೆ!”

ಡಾಕ್ಟರು ಎದ್ದು ನಿಲ್ಲಲಿಲ್ಲ. ಹಾಸಿಗೆ ನಲವತ್ತು, ಬಂದವರು, ನಾನು ಕಂಡ ಹಾಗೆ, ನಾಲ್ಕು ಸಾವಿರ. ಅರವತ್ತು ದಾಟಿದವರಿಗೆ ಮೊದಲು ಎಂಬುದು ಅಲ್ಲಿಯ ನಿಯಮ. ಕೊನೆಗೆ ಒಂದೇ ಹಾಸಿಗೆ ಉಳಿದಾಗ ಸಾಲಿನಲ್ಲಿ ನಿಂತಿದ್ದವರು ಚೋಮಿ ಮತ್ತು ಬೀರ. ಬೀರನಿಗೆ ಪೊರೆ ಬಂದದ್ದು ಒಂದೇ ಕಣ್ಣಿಗೆ. ಇಬ್ಬರ ಕೈಯಲ್ಲೂ ಮಸ್ಟರಿನ ವಯಸ್ಸು ಬರೆದ ನನ್ನ ಚೀಟಿ. ಡಾಕ್ಟರು ಚೋಮಿಯ ಚೀಟಿ ನೋಡಿದರು, ಮುಖ ನೋಡಿದರು.

“ನಲವತ್ತೆಂಟಾ? ಈ ಅಜ್ಜಿಗೆ ಎಪ್ಪತ್ತರ ಹತ್ತಿರ ಆಗಿದೆ. ಯಾರ್ರೀ ಇದನ್ನ ಬರೆದದ್ದು?”

ತಾಯಿಯನ್ನು ಕರೆತಂದಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ನಮ್ಮ ರೈಟರ್ ಮಾಯಿಲಪ್ಪ ಪಕ್ಕದಲ್ಲೇ ನಿಂತು ಕಿವಿ ನಿಮಿರಿಸಿದ. ಚೋಮಿ ನನ್ನ ಕಡೆಗೆ ಕೈ ಚಾಚಿದಳು.

“ನಿಜ ಹೇಳಿ ಅಯ್ಯಾ. ಮಸ್ಟರು ಹೋದ್ರೆ ಹೋಗ್ಲಿ.”

ಅವಳದು ಹೋಗಲಿ, ನನ್ನದು? ಒಬ್ಬಳ ವಯಸ್ಸು ಸುಳ್ಳೆಂದರೆ ಇನ್ನೂ ಮೂವತ್ತು ಜನರ ವಯಸ್ಸು ಹೊರಬೀಳುತ್ತಿತ್ತು, ಜೊತೆಗೆ ಮೂವತ್ತು ಬಾಟಲಿ ಜೇನು.

“ನಲವತ್ತೆಂಟೇ ಡಾಕ್ಟ್ರೇ. ಇವ್ಳು ಹುಟ್ಟಿದ ದಿನ ತೊಟ್ಟಿಲು ಕಟ್ಟಿದ್ದೇ ನನ್ನಪ್ಪ. ಇವ್ಳ ವಂಶಕ್ಕೇ ಬೇಗ ಮುದಿ ಆಗುವ ಕಾಯಿಲೆ!”

ಮಾಯಿಲಪ್ಪ ಕೆಣಕಿದ. “ನಿಮ್ಮಪ್ಪ ಇದ್ದದ್ದು ಮಡಿಕೇರಿಲಿ ಅಲ್ವಾ ಪದ್ಮಯ್ಯ?”

“ತೊಟ್ಟಿಲು ಹೊತ್ಕೊಂಡೇ ನಡ್ದು ಬಂದದ್ದು ಮಾರಾಯ!”

ಎಲ್ಲರೂ ನಕ್ಕರು. ಬರೆದ ವಯಸ್ಸೇ ಲೆಕ್ಕ; ಹಾಸಿಗೆ ಅರವತ್ತಾರರ ಬೀರನಿಗೆ ಹೋಯಿತು. ಅವನು ಚೋಮಿಯ ಭುಜ ಮುಟ್ಟಿ, “ಮುಂದಿನ ಸಲ ಆದೀತು ಅಕ್ಕಾ,” ಎಂದು ಒಳಗೆ ನಡೆದ.

ಮರುವಾರ ಮಾಯಿಲಪ್ಪ ಅವಳ ಬುಟ್ಟಿ ಸುರಿಸಿ ನೋಡಿದ. ಅರ್ಧಕ್ಕರ್ಧ ಹಸಿರು ಕಾಯಿ. ಹೆಸರು ಹೋಯಿತು, ವಯಸ್ಸಾಯಿತೆಂದಲ್ಲ, ಕಣ್ಣು ಕಾಣುವುದಿಲ್ಲವೆಂದು.

ಗೋಡೆ ತಡವಿಕೊಂಡು ಆಸ್ಪತ್ರೆಗೆ ಬಂದಳು. ಕಣ್ಣಿಂದ ನೀರಿಳಿಯುತ್ತಿತ್ತು.

“ಉರೀತದೆ ಅಯ್ಯಾ. ಎರಡು ತೊಟ್ಟು ಬಿಡಿ.”

“ಮಸ್ಟರಲ್ಲಿ ಹೆಸ್ರಿಲ್ಲದವ್ರಿಗೆ ಔಷಧಿ ಇಲ್ಲ ಚೋಮಿ. ಕಾನೂನು.”

ಇಡೀ ಕೊಡಗಿನಲ್ಲಿ ನನ್ನಷ್ಟು ಕಟ್ಟುನಿಟ್ಟಿನ ಕಂಪೌಂಡರ್ ಇನ್ನೊಬ್ಬನಿಲ್ಲ. ಒಬ್ಬಳಿಗೆ ಎರಡು ತೊಟ್ಟು ಬಿಟ್ಟರೆ ನಾಳೆ ಬೆಳಗ್ಗೆ ಹತ್ತು ಸಾವಿರ ಮುದುಕರು ನನ್ನ ಜಗಲಿಯಲ್ಲಿ ಕೂತಿರುತ್ತಾರೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಾಗಿಲು ಯಾವ ಕಡೆ ಎಂದು ಕೇಳಿದಳು. ಹೇಳಿದೆ.