ಇಲ್ಲ ಎನ್ನಲಾರದ ತೆನೆಂಗ್

ತೆನೆಂಗ್ ಜಾರ್ಜುಗೆ ಅರವತ್ತನಾಲ್ಕು ತುಂಬಿತ್ತು. ಇಪ್ಪತ್ತು ವರ್ಷ ರಾಜಧಾನಿ ಬಾಂಜುಲಿನ ಸಂಸತ್ತಿನಲ್ಲಿ ಕೂತದ್ದು ಸಾಕು, ಮೊಣಕಾಲು ಮಾತು ಕೇಳುವಷ್ಟು ದಿನ ಊರಿನ ಹಿನ್ನೀರಿಗಿಳಿದು ಮೊದಲಿನ ಹಾಗೆ ಸಿಂಪಿ ಕೀಳುತ್ತ ಇರಬೇಕು ಎಂಬುದೊಂದೇ ಅವಳ ಆಸೆ. ಊರಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಬರಲೊಲ್ಲದು.

ಹಾಗಂತ ಪುಕ್ಕಲಿಯೇನಲ್ಲ. ಅಲ್ಲಿ ಮತವೆಂದರೆ ಉಮೇದುವಾರರ ಡ್ರಮ್ಮಿಗೆ ಹಾಕುವ ಗೋಲಿ. ಮೊದಲ ಚುನಾವಣೆಯಲ್ಲಿ ಅವಳ ಡ್ರಮ್ಮಿಗೆ ಬಿದ್ದ ಗೋಲಿಗಳು ಎಣಿಸುವ ಹಲಗೆಯ ಒಂದು ಮೂಲೆಯನ್ನೂ ತುಂಬಲಿಲ್ಲ. ಗಂಡಸರು ಬಿದ್ದು ಬಿದ್ದು ನಕ್ಕರು. ಮುಂದಿನ ಸಲ ಗೆದ್ದು ಹೋದಳು. ಸಂಸತ್ತಿನಲ್ಲಿ ಒಬ್ಬ ಮಹಾನುಭಾವ, "ಅಮ್ಮಾ, ಮನೇಲಿ ಅಡುಗೆ ಯಾರು ಮಾಡ್ತಾರೆ?" ಎಂದ. "ಮಾಡಿಟ್ಟೇ ಬಂದಿದ್ದೀನಪ್ಪ. ನೀನೇನು ಮಾಡಿಟ್ಟು ಬಂದಿದ್ದೀಯ?" ಎಂದಳು. ಆಮೇಲೆ ಅವನು ಅವಳ ತಂಟೆಗೆ ಬರಲಿಲ್ಲ. ಊರಿಗೆ ದೋಣಿಕಟ್ಟೆ ತಂದಳು, ಹೆರಿಗೆ ಆಸ್ಪತ್ರೆ ತಂದಳು. ಆದರೆ ಊರಿನವರು ವೀಳ್ಯದ ಹಾಗೆ ಕೊಡುವ ಕೋಲಾ ಕಾಯಿ ಹಿಡಿದು ಬಂದು "ಈ ಸಲವೂ ನೀನೇ" ಎಂದರೆ ಆಗಲ್ಲ ಎನ್ನಲು ಅವಳಿಗೆ ಬಾಯಿ ಬರದು. ಕಾಯಿ ಕೈಗೆ ತಗೊಂಡರೆ ಮಾತು ಕೊಟ್ಟ ಹಾಗೆ. ನಾಲ್ಕು ಸಲ ತಗೊಂಡಿದ್ದಳು.

ಈ ಸಲ ಅವಳ ಮನಸ್ಸು ಬೇರೆ ಇದೆ ಎಂಬ ವಾಸನೆ ಪಕ್ಷದ ಹಿರಿಯ ಬಾಕರಿ ಸಾನ್ಯಾಂಗನ ಮೂಗಿಗೆ ಬಡಿದಿತ್ತು. ಅವನು ಭಾರೀ ಜಾಣ. ಕಾಯಿ ಕೊಡಲು ಮೀನುಗಾರ ಲತೀರ್ ಫಾಯ್‌ನನ್ನೇ ಕರೆಸಿದ. ಲತೀರ್ ಸೆರೆರ್ ಕುಲದವನು, ತೆನೆಂಗ್ ಜೋಲಾ ಕುಲದವಳು. ಈ ಎರಡು ಕುಲಗಳದು ತಾತ ಮುತ್ತಾತಂದಿರ ಕಾಲದ ಗೇಲಿಯ ನಂಟು. ಒಬ್ಬರನ್ನೊಬ್ಬರು "ನನ್ನ ಆಳು" ಎಂದು ಹೀಯಾಳಿಸಬೇಕು, ಕೋಪ ಮಾಡಿಕೊಳ್ಳಬಾರದು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಇಲ್ಲ ಎನ್ನುವ ಹಾಗಿಲ್ಲ.

ಶುಕ್ರವಾರದ ನಮಾಜು ಮುಗಿದ ಮೇಲೆ ಬೂರುಗದ ಮರದಡಿ ಊರೆಲ್ಲ ಸೇರಿತು. ಕಾಯಿಯ ಗಂಟು ಹಿಡಿದು ಬರುತ್ತಿದ್ದ ಲತೀರ್‌ನನ್ನು ಕಂಡದ್ದೇ ತೆನೆಂಗಳಿಗೆ ಬಾಕರಿಯ ಹೂಟ ತಿಳಿದುಹೋಯಿತು.

"ಏ ಮುದುಕಿ, ಯಜಮಾನ ಬಂದ್ರೆ ಎದ್ದು ನಿಲ್ಲೋದು ಮರೆತೋಯ್ತಾ?"

"ಯಜಮಾನನಂತೆ! ಅನ್ನದ ವಾಸನೆ ಹಿಡಿದು ಬಂದಿದ್ದೀಯ ನೀನು. ಹೋದ ವರ್ಷ ನಿನ್ನ ಮಾರೋಣ ಅಂತಿದ್ದೆ, ನೀನು ಉಣ್ಣೋದು ನೋಡಿ ಒಬ್ಬರೂ ಕೊಳ್ಳಲಿಲ್ಲ."

ಜನ ಗೊಳ್ಳೆಂದರು. ಅವಳೂ ನಕ್ಕಳು. ಲತೀರ್ ಗಂಟು ಬಿಚ್ಚಿದ. ಇನ್ನೂ ಐದು ವರ್ಷ. ಅವಳ ಕೈ ತಾನಾಗಿ ಮುಂದೆ ಹೋಯಿತು.

ಲತೀರ್ ಗಂಟನ್ನು ಹಿಂದಕ್ಕೆಳೆದುಕೊಂಡ. "ತಡಿ. ಬಾಕರಿ, ಇವಳು ಯಾರ ಆಳು?"

"ನಿನ್ನ ಆಳೇ ಕಣಯ್ಯ!" ಬಾಕರಿ ತೊಡೆ ತಟ್ಟಿಕೊಂಡು ನಕ್ಕ.

"ಎಲ್ಲಾರೂ ಕೇಳಿಸ್ಕೊಂಡ್ರಾ? ಇಪ್ಪತ್ತು ವರ್ಷ ನನ್ನ ಆಳನ್ನ ದುಡಿಸಿಕೊಂಡ್ರಲ್ಲ, ಒಬ್ಬರಾದ್ರೂ ನನ್ನ ಕೇಳಿದ್ರಾ? ತೆನೆಂಗ್, ಈ ಸಲ ನೀನು ನಿಲ್ಲಬೇಡ. ಕೇಳ್ತಿರೋನು ನಾನು. ಇಲ್ಲ ಅಂತೀಯಾ?"

ಬಾಕರಿಯ ನಗು ಅಲ್ಲಿಗೇ ನಿಂತಿತು. "ಲೋ, ನಾನು ಹೇಳಿಕೊಟ್ಟಿದ್ದೇನು, ನೀನು ಹೇಳ್ತಿರೋದೇನು?"

"ನೀನು ಹೇಳಿಕೊಟ್ಟಿದ್ದು ಹೇಳೋಕೆ ನಾನೇನು ನಿನ್ನ ಆಳಾ?"

ತೆನೆಂಗ್ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಸೆರೆರ್ ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ," ಎಂದಳು. ಆ ಮಾತಿಗೆ ಬಾಕರಿಯೂ ಎದುರಾಡುವ ಹಾಗಿರಲಿಲ್ಲ. ಮೊದಲು ಅವಳ ಜೊತೆ ಸಿಂಪಿ ಕೀಳುತ್ತಿದ್ದ ನ್ಯಿಮಾ ಕಣ್ಣೊರೆಸಿಕೊಂಡು, "ನಾಳೆ ಬೆಳಿಗ್ಗೇನೇ ನೀರಿಳಿಯುತ್ತೆ ಅಕ್ಕ, ತಡ ಮಾಡಬೇಡ," ಎಂದಳು.

ಊಟಕ್ಕೆ ಅವಳೂ ಲತೀರನೂ ಒಂದೇ ಬೋಗುಣಿಗೆ ಕೈ ಹಾಕಿ ಕೂತರು.

"ನಿನಗೆ ಹೇಗೆ ಗೊತ್ತಾಯ್ತೋ?"

"ಬಾಂಜುಲಿಂದ ಬರೋವಾಗಲೆಲ್ಲ ಕಾರು ನಿಲ್ಲಿಸಿ ಹಿನ್ನೀರು ನೋಡ್ತಾ ನಿಂತಿರ್ತೀಯ. ನನಗೇನು ಕಣ್ಣಿಲ್ವಾ?"

ಇಪ್ಪತ್ತು ವರ್ಷದಲ್ಲಿ ಅವಳ ಹತ್ತಿರ ಏನಾದರೊಂದು ಕೇಳದೆ ಹೋದವರಿಲ್ಲ. ಏನು ಕೇಳಿದರೂ ಇಲ್ಲ ಎನ್ನಿಸಿಕೊಳ್ಳದ ಇವನೊಬ್ಬ ಮಾತ್ರ ಇವತ್ತಿನವರೆಗೆ ಬಾಯಿ ತೆರೆದಿರಲಿಲ್ಲ. ತೆರೆದಾಗಲೂ ತನಗೆಂದು ಕೇಳಲಿಲ್ಲ. ಅವಳಿಗೆ ಅವನ ಕಾಲು ಹಿಡಿಯಬೇಕೆನ್ನಿಸಿತು, ಆದರೆ ಆ ನಂಟಿನಲ್ಲಿ ಉಪಕಾರ ನೆನೆಯುವಂತಿಲ್ಲ.

"ತಿನ್ನು, ಹೊಟ್ಟೆಬಾಕ," ಎಂದು ಬೋಗುಣಿಯಲ್ಲಿದ್ದ ದೊಡ್ಡ ಮೀನನ್ನು ಅವನ ಕಡೆಗೆ ತಳ್ಳಿದಳು.