ಬಲಗಡೆಯ ಕಾಲಂ

ಅಮ್ಮ ಸತ್ತ ಇಪ್ಪತ್ತಮೂರನೆಯ ದಿನ, ಶನಿವಾರ, ಅಪ್ಪ ನನ್ನನ್ನು ಕರೆದು ಹೇಳಿದ: "ನಿಮ್ಮಮ್ಮನ ಪುಸ್ತಕ ಹುಡುಕಿಡಮ್ಮ. ನಾಳೆ ಪಾಠದಲ್ಲಿ ಓದಿ ಹೇಳ್ಬೇಕು. ಅವಳಷ್ಟು ಚೆನ್ನಾಗಿ ಯಾರೂ ಬರೀತಿರಲಿಲ್ಲ."

ಅಪ್ಪ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೆ ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಕೋಣೆಯಲ್ಲಿ ವೇದಾಂತ ಹೇಳಿಕೊಡುತ್ತಾನೆ. ಲ್ಯಾಬ್ ರೆಕಾರ್ಡಿನ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಬಂದವರೆಲ್ಲ ಒಂದೊಂದು ಪುಸ್ತಕ ಇಡಬೇಕು. ಎಡಗಡೆಯ ಕಾಲಮ್ಮಿನಲ್ಲಿ ಆ ದಿನ ಬಂದ ನೋವು, ಬಲಗಡೆ ಅದನ್ನು ಹೇಗೆ ಸಹಿಸಿದೆವು ಎಂಬುದು. ತಿತಿಕ್ಷೆ ಎಂದರೆ ಗೋಳಾಡದೆ, ಚಿಂತಿಸದೆ, ಪರಿಹಾರಕ್ಕೆ ಪರದಾಡದೆ ತಡೆದುಕೊಳ್ಳುವುದು ಎಂದು ಮೊದಲ ಪುಟದಲ್ಲೇ ಬರೆಸುತ್ತಾನೆ. ವಾರಕ್ಕೊಮ್ಮೆ ಕೆಂಪು ಪೆನ್ನಿನಲ್ಲಿ ತಿದ್ದುತ್ತಾನೆ. ಅಮ್ಮನೂ ಅವನ ವಿದ್ಯಾರ್ಥಿನಿಯೇ.

ಪುಸ್ತಕ ಅವಳ ಬಟ್ಟೆಗಳ ಕೆಳಗೆ ಸಿಕ್ಕಿತು. ಬೀರುವಿನ ಮುಂದೆ ನಿಂತೇ ಓದಿದೆ.

ಎಡಗಡೆ: "ಮೆಟ್ಟಿಲು ಹತ್ತುವಾಗ ಎದೆ ಭಾರ. ತೋಳಿನವರೆಗೆ ನೋವು." ಬಲಗಡೆ: "ಸ್ವಲ್ಪ ನಿಂತೆ. ಯಾರಿಗೂ ಹೇಳಲಿಲ್ಲ." ಎರಡು ದಿನ ಬಿಟ್ಟು ಮತ್ತೆ ಅದೇ. "ಮಗಳಿಗೆ ಹೇಳಬೇಕೆನಿಸಿತು. ಹೇಳಿದರೆ ಲ್ಯಾಬಿಗೆ ಎಳೆದುಕೊಂಡು ಹೋಗುತ್ತಾಳೆ." ಬಲಗಡೆ: "ಹೇಳಲಿಲ್ಲ. ಕೆಲಸ ಮುಗಿಸಿದೆ." ಹೀಗೆ ಆರು ವಾರ. ಪ್ರತಿ ವಾರದ ಕೊನೆಗೆ ಕೆಂಪು ಗುರುತು, ಪಕ್ಕದಲ್ಲಿ "ಉತ್ತಮ". ಕೊನೆಯ ವಾರ "ಅತ್ಯುತ್ತಮ".

ನಾನು ಹದಿನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದೇನೆ. ಕಂಡವರೆಲ್ಲ ನನ್ನ ಮುಂದೆ ತೋಳು ಚಾಚಿದ್ದಾರೆ.

ಅಪ್ಪ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ. ಪುಸ್ತಕ ಅವನ ಮುಂದೆ ಹಿಡಿದೆ.

"ಇದನ್ನ ಓದಿದ್ಯಾ ನೀನು?"

ಒಲೆ ಆರಿಸಿ, ಕನ್ನಡಕ ಹಾಕಿಕೊಂಡು ಒಂದು ಪುಟ ಓದಿದ. ಇನ್ನೊಂದು ಓದಿದ. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬಲಗಡೆ ನೋಡ್ತಿದ್ದೆ," ಅಂದ. "ಇಪ್ಪತ್ತೆರಡು ಪುಸ್ತಕ. ಎಡಗಡೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಇರುತ್ತೆ."

"ಹೆಂಡ್ತೀದೂ?"

"ಈಗ ನಾನು ಅತ್ತರೆ ಅವಳು ವಾಪಸ್ ಬರ್ತಾಳಾ?"

"ಅಳು ಅಂತ ಯಾರಂದ್ರು? ನಾಳೆ ಎರಡೂ ಕಾಲಂ ಓದು. ನಿನ್ನ ಬಾಯಲ್ಲೇ ಓದು. ನನಗೆ ಅಷ್ಟು ಸಾಕು."

ಅಪ್ಪ ಹಾಲು ಸೋಸಿಕೊಂಡು ಹೊರಗೆ ಹೋದ.

ಮರುದಿನ ಜನ ಎಂದಿಗಿಂತ ಹೆಚ್ಚಾಗಿಯೇ ಬಂದಿದ್ದರು. ಗಡಿಯಾರ ರಿಪೇರಿಯವರು ತಮ್ಮ ಪುಸ್ತಕ ಮೇಜಿನ ಮೇಲಿಡುತ್ತಾ, "ನನ್ನ ಎಡಗಡೆ ಪೂರ್ತಿ ಮನೆಯವಳೇ ಇದ್ದಾಳೆ ಮೇಷ್ಟ್ರೇ, ದಯವಿಟ್ಟು ಅವಳ ಕೈಗೆ ಕೊಡ್ಬೇಡಿ," ಅಂದರು. ಎಲ್ಲರೂ ನಕ್ಕರು. ಅಪ್ಪನೂ ಹದವಾಗಿ ನಕ್ಕ.

ಆಮೇಲೆ ಅಮ್ಮನ ಪುಸ್ತಕ ತೆರೆದ. "ಸ್ವಲ್ಪ ನಿಂತೆ. ಯಾರಿಗೂ ಹೇಳಲಿಲ್ಲ," ಎಂದು ಓದಿದ. ಪುಟ ತಿರುವಿದ. "ಹೇಳಲಿಲ್ಲ. ಕೆಲಸ ಮುಗಿಸಿದೆ." ಮೂರನೆಯ ಪುಟದಲ್ಲೂ ಬಲಗಡೆಯೇ. ಜನ ತಲೆದೂಗುತ್ತಿದ್ದರು.

ನಾನು ಎದ್ದು ಹೋಗಿ ಪುಸ್ತಕ ಅವನ ಕೈಯಿಂದ ತೆಗೆದುಕೊಂಡೆ. ಎಡಗಡೆಯದನ್ನು ಮೊದಲಿನಿಂದ ಓದಿದೆ. ತಾರೀಖುಗಳನ್ನೂ ಓದಿದೆ. ಕೆಂಪು ಪೆನ್ನಿನದನ್ನೂ ಬಿಡಲಿಲ್ಲ.

ಮುಗಿದಾಗ ಗಡಿಯಾರದವರು ಕಣ್ಣೊರೆಸಿಕೊಂಡರು. "ಎಂಥಾ ಸಹನೆ ಆ ತಾಯಿದು," ಅಂದರು. "ನಮ್ಮ ಕೈಲಾಗುತ್ತಾ ಇದು?"

ಹೌದು ಹೌದು ಎಂದು ನಾಲ್ಕು ದನಿ ಬಂತು. ನಾನು ಓದಿದ್ದನ್ನು ಅವರು ಹಾಗೆ ಕೇಳಿಸಿಕೊಂಡಿದ್ದರು.

ಕಿಟಕಿಯ ಪಕ್ಕ ಕೂತಿದ್ದ ಟೈಲರಮ್ಮ ಮಾತ್ರ ತಮ್ಮ ಪುಸ್ತಕ ತೆಗೆದು ನೋಡಿಕೊಂಡರು. "ಮೇಷ್ಟ್ರೇ, ಹೊಲಿಗೆ ಮಿಷನ್ ತುಳಿಯುವಾಗ ನಂಗೂ ಹೀಗೇ ಆಗುತ್ತೆ. ಹದಿನೈದು ದಿನ ಆಯ್ತು. ಬರೆದಿದ್ದೀನಿ."

"ಈಗಲೇ ಆಸ್ಪತ್ರೆಗೆ ಹೋಗಮ್ಮ," ಅಂದ ಅಪ್ಪ. "ಪರಿಹಾರ ಇಲ್ಲದ್ದನ್ನ ಸಹಿಸ್ಬೇಕು. ಇರೋದನ್ನಲ್ಲ."

ಅಷ್ಟು ಹೇಳಲು ಅವನಿಗೆ ಎರಡು ಸೆಕೆಂಡೂ ಬೇಕಾಗಲಿಲ್ಲ. ದನಿ ನಡುಗಲಿಲ್ಲ. ಒಂದಕ್ಷರ ತಪ್ಪಿಲ್ಲದ ಮಾತು. ಆರು ಭಾನುವಾರಗಳಲ್ಲಿ ಯಾವ ಭಾನುವಾರವಾದರೂ ಅಮ್ಮನ ಪುಸ್ತಕದಲ್ಲಿ "ಉತ್ತಮ" ಎಂದ ಜಾಗದಲ್ಲಿ ಅದನ್ನು ಬರೆಯಬಹುದಿತ್ತು.

"ಏಳಿ ಅಕ್ಕ, ನಾನೂ ಬರ್ತೀನಿ," ಎಂದು ಟೈಲರಮ್ಮನ ಕೈಚೀಲ ಎತ್ತಿಕೊಂಡೆ. ಅವರು ಚಪ್ಪಲಿ ಹುಡುಕುತ್ತಿದ್ದಾಗ ಒಳಗೆ ಅಪ್ಪ ಉಳಿದವರನ್ನು ಕೇಳುತ್ತಿದ್ದ:

"ಎಲ್ಲಿಗೆ ನಿಲ್ಲಿಸಿದ್ವಿ?"